‘ಬರಿಯಾಕ ಕುಂತ್ರ ಬರೇ ಕಥಿನ ಬರ್ತೈತ್ರಿ’: ಸಿನಿಮಾ ಓದುವ ಹುಡುಗನೊಬ್ಬನ ಪ್ರಕರಣ

(ಗುರುತು ಸಿಗದಂತೆ ಊರು, ಕಾಲೇಜು, ಮನೆಯ ವಿವರಗಳನ್ನು ಬದಲಿಸಿದೆ.)

ರ., 19 ವರ್ಷ, ಬಿ.ಎ. ಮೊದಲ ವರ್ಷ. ಗದಗ ಸೀಮೆಯವನು. ಪಿಯುಸಿವರೆಗೆ ಕನ್ನಡ ಮಾಧ್ಯಮ, ಈಗ ಬೆಂಗಳೂರಿನ ಹಾಸ್ಟೆಲ್. ಸಿನಿಮಾ ಮತ್ತು ದೃಶ್ಯಮಾಧ್ಯಮದ ಪರಿಚಯ ಪತ್ರಿಕೆಯನ್ನು ಇಷ್ಟಪಟ್ಟೇ ಆರಿಸಿಕೊಂಡಿದ್ದ. ಮೊದಲ ಅಸೈನ್‌ಮೆಂಟಿಗೆ 20ಕ್ಕೆ 6 ಅಂಕ ಬಂದಿತ್ತು, ಜೊತೆಗೆ ಕೆಂಪು ಶಾಯಿಯಲ್ಲಿ ಒಂದೇ ಸಾಲು: ‘ಇದು ಕಥಾಸಾರ, ವಿಶ್ಲೇಷಣೆ ಎಲ್ಲಿ?’ ಅದನ್ನು ಹಿಡಿದುಕೊಂಡು ಸಲಹೆ ಕೇಳಲು ನಮ್ಮಲ್ಲಿಗೆ ಬಂದಿದ್ದ.

‘ಸಣ್ಣಾವಿದ್ದಾಗಿಂದ ಸಿನಿಮಾ ನೋಡಕೋತ ಬಂದೀನ್ರಿ ಮೇಡಂ. ಬರಿಯಾಕ ಕುಂತ್ರ ಬರೇ ಕಥಿನ ಬರ್ತೈತ್ರಿ. ಈಗ ಸಿನಿಮಾ ನೋಡಾಕೂ ಮನಸಾಗವಲ್ದು.’ ನಿದ್ದೆ, ಊಟ ಸರಿಯಾಗಿದ್ದವು. ಉಳಿದ ವಿಷಯಗಳಲ್ಲಿ ಅಂಕ ಚೆನ್ನಾಗಿತ್ತು. ಹಾಗಾಗಿ ಇದನ್ನು ಖಿನ್ನತೆ ಎಂದು ನೋಡದೆ, ಓದುವ ಕ್ರಮದ ತೊಡಕು ಎಂದೇ ಹಿಡಿದು, ನೋಟ್‌ಬುಕ್ ಮತ್ತು ಮೊಬೈಲ್ ಎರಡನ್ನೂ ತರಲು ಹೇಳಲಾಯಿತು.

ಮೊಬೈಲಿನಲ್ಲೇ ಅರ್ಧ ಉತ್ತರ ಸಿಕ್ಕಿತು. ಪಠ್ಯಕ್ಕಿದ್ದ ಆರು ಚಿತ್ರಗಳನ್ನು ಬೇಗ ಮುಗಿಸಲೆಂದು ಹುಡುಗ ಎಲ್ಲವನ್ನೂ ಒಂದೂವರೆ ಪಟ್ಟು ವೇಗದಲ್ಲಿ ನೋಡಿದ್ದ. ಆ ವೇಗದಲ್ಲಿ 30 ಸೆಕೆಂಡಿನ ಶಾಟ್ (ನಡುವೆ ಕತ್ತರಿಯಿಲ್ಲದೆ ಒಂದೇ ಓಟದಲ್ಲಿ ಬರುವ ತುಣುಕು) 20 ಸೆಕೆಂಡಿಗೆ ಮುಗಿದುಹೋಗುತ್ತದೆ. ಕಥೆಗೆ ಇದರಿಂದ ನಷ್ಟವಿಲ್ಲ, ಆದರೆ ನಿರ್ದೇಶಕರು ಬೇಕೆಂದೇ ಹಿಡಿದು ನಿಲ್ಲಿಸಿದ ಮೌನಕ್ಕೆ ಮೂರನೆಯ ಒಂದು ಭಾಗ ಕತ್ತರಿ ಬೀಳುತ್ತದೆ. ಹಾಗೆ ನೋಡಿದವನ ಕೈಗೆ ಕಥೆಯೊಂದೇ ಉಳಿಯುವುದು ಸಹಜ.

ಇನ್ನೊಂದು ಎಡವಟ್ಟು ಅವನು ನೋಡಿದ ಚಿತ್ರದ ಪ್ರತಿಯದು. ‘ಪಾತ್ರಗಳ ಅಸಹಾಯಕತೆ ತೋರಿಸಲು ತಲೆಯನ್ನು ಚೌಕಟ್ಟಿನಿಂದ ಆಚೆ ಇಟ್ಟಿದ್ದಾರೆ’ ಎಂದು ಬರೆದಿದ್ದ. ಯೋಚನೆ ಒಳ್ಳೆಯದೇ, ಆದರೆ ತಲೆ ಕತ್ತರಿಸಿದ್ದು ನಿರ್ದೇಶಕರಲ್ಲ, ವಿಡಿಯೊ ಅಪ್‌ಲೋಡ್ ಮಾಡಿದವರು. ಹಳೆಯ ಕಪ್ಪು-ಬಿಳುಪು ಟಾಕಿಗಳ (ಮಾತಿನ ಚಿತ್ರಗಳ) ಚೌಕಟ್ಟಿನ ಅಗಲ-ಎತ್ತರದ ಪ್ರಮಾಣ ಸಾಮಾನ್ಯವಾಗಿ 1.37:1, ಇಂದಿನ ಟೀವಿ ಪರದೆ 16:9, ಅಂದರೆ 1.78:1. ಪರದೆ ತುಂಬಲಿ ಎಂದು ಹಿಗ್ಗಿಸಿದರೆ ಮೇಲೆ ಕೆಳಗೆ ಸೇರಿ ಎತ್ತರದಲ್ಲಿ ಸುಮಾರು 23% ಹೋಗುತ್ತದೆ. ಹಳೆಯ ಚಿತ್ರದ ಎಡಬಲದಲ್ಲಿ ಕಪ್ಪು ಪಟ್ಟಿ ಇದ್ದರೆ ಪ್ರತಿಯನ್ನು ನಂಬಬಹುದು. ಶೀರ್ಷಿಕೆಯ ಅಕ್ಷರಗಳ ತಲೆ ಹಾರಿದ್ದರೆ ಕತ್ತರಿಸಿದ ಪ್ರತಿ, ಮುಖಗಳು ಅಗಲವಾಗಿ ಉಬ್ಬಿದ್ದರೆ ಎಳೆದ ಪ್ರತಿ. ಎರಡರ ಮೇಲೂ ವಿಶ್ಲೇಷಣೆ ಬರೆಯಬಾರದು. ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ) ಓಡುವ ಸಿನಿಮಾವನ್ನು 25ರ ಟೀವಿ ಪದ್ಧತಿಗೆ ಇಳಿಸಿದ ಡಿವಿಡಿಯಲ್ಲಿ 100 ನಿಮಿಷ 96 ಆಗುತ್ತದೆ. ಆದ್ದರಿಂದ ಯಾವ ಪ್ರತಿ ನೋಡಿದೆ ಎಂಬುದನ್ನು ಮೊದಲ ಪುಟದಲ್ಲೇ ಬರೆದಿಡಬೇಕು.

ಸಲಹೆ ಇಷ್ಟು: ಮುಂದಿನ ಅಸೈನ್‌ಮೆಂಟಿಗೆ ಇಡೀ ಚಿತ್ರದ ಬಗ್ಗೆ ಬರೆಯುವ ಆಸೆ ಬಿಟ್ಟು ಮೂರು ನಿಮಿಷದ ಒಂದು ದೃಶ್ಯಭಾಗ ಹಿಡಿಯಬೇಕು. ಚಿತ್ರವನ್ನು ಒಮ್ಮೆ ಪೂರ್ತಿ, ಸಹಜ ವೇಗದಲ್ಲಿ, ಪೆನ್ನು ಮುಟ್ಟದೆ ನೋಡುವುದು. ಮರುದಿನ ಆ ಮೂರು ನಿಮಿಷವನ್ನು ಸದ್ದು ತೆಗೆದು ಎರಡು ಸಲ ನೋಡಿ, ಆಮೇಲೆ ಕಣ್ಣು ಮುಚ್ಚಿ ಎರಡು ಸಲ ಬರೀ ಕೇಳುವುದು. ಅದಾದ ಮೇಲೇ ಶಾಟ್‌ಗಳ ಪಟ್ಟಿ. ಹಾಸ್ಟೆಲಿನ ಗೆಳೆಯನ ಲ್ಯಾಪ್‌ಟಾಪ್ ಎರವಲು ಸಿಗುವಂತಿತ್ತು. ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರಿನಲ್ಲಿ ಇಂಗ್ಲಿಷಿನ ‘ಇ’ (E) ಕೀಲಿ ಒತ್ತಿದರೆ ಒಂದೊಂದೇ ಫ್ರೇಮ್ ಮುಂದಕ್ಕೆ ಹೋಗುತ್ತದೆ, ಕಟ್ ಬಿದ್ದ ಜಾಗ, ಅಂದರೆ ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವ ಜಾಗ, ತಪ್ಪದೆ ಸಿಗುತ್ತದೆ. ಪಟ್ಟಿಯಲ್ಲಿ ಆರು ಕಾಲಂ: ಶಾಟ್ ಸಂಖ್ಯೆ, ಎಷ್ಟು ಸೆಕೆಂಡ್, ಎಷ್ಟು ಹತ್ತಿರ (ಲಾಂಗ್ ಅಂದರೆ ದೂರ, ಮಿಡ್ ಅಂದರೆ ನಡು, ಕ್ಲೋಸಪ್ ಅಂದರೆ ತೀರ ಹತ್ತಿರ), ಕ್ಯಾಮೆರಾದ ಕೋನ ಮತ್ತು ಚಲನೆ, ಬೆಳಕು ಮತ್ತು ಜನ ನಿಂತ ಜಾಗ, ಸದ್ದು. ‘ಅರ್ಥ’ ಎಂಬ ಕಾಲಂ ಬೇಡ. ಅದಿದ್ದರೆ ಎಲ್ಲರೂ ಮೊದಲು ಅದನ್ನೇ ತುಂಬಿ ಉಳಿದದ್ದನ್ನು ಅದಕ್ಕೆ ಹೊಂದಿಸುತ್ತಾರೆ. ಮೊದಲ ಸಲ ಒಂದು ಶಾಟಿಗೆ ಆರು ನಿಮಿಷ ಹಿಡಿದರೆ ಮೂವತ್ತು ಶಾಟಿನ ದೃಶ್ಯಕ್ಕೆ ಮೂರು ಗಂಟೆ ಬೇಕಾಗುತ್ತದೆ ಎಂದು ಮೊದಲೇ ತಿಳಿಸಿದೆವು. ಇಲ್ಲದಿದ್ದರೆ ಅರ್ಧ ದಾರಿಯಲ್ಲಿ ‘ನಾನು ದಡ್ಡ’ ಎನ್ನುವ ಹಳೇ ರಾಗ ಶುರುವಾಗುತ್ತದೆ.

ಹುಡುಗ ಆರಿಸಿದ ಭಾಗದಲ್ಲಿ ತಾಯಿ ಪತ್ರ ಓದುತ್ತಾಳೆ. 190 ಸೆಕೆಂಡ್, 31 ಶಾಟ್, ಸರಾಸರಿ 6.1 ಸೆಕೆಂಡ್. ‘ಲೆಕ್ಕ ಬಂತ್ರಿ, ಮುಂದ?’ ಎಂದು ಕೇಳಿದ. ಸರಾಸರಿಯಿಂದ ಹೆಚ್ಚೇನೂ ಹೊರಡುವುದಿಲ್ಲ, ಅದರಿಂದ ದೂರ ನಿಂತ ಶಾಟ್ ಹುಡುಕಿ ಎಂದು ಹೇಳಲಾಯಿತು. ಒಂದು ಶಾಟ್ 38 ಸೆಕೆಂಡ್ ಇತ್ತು, ಅದನ್ನು ತೆಗೆದರೆ ಉಳಿದ 30ರ ಸರಾಸರಿ 5 ಸೆಕೆಂಡ್ ಮಾತ್ರ. ಮೊದಲು ಅವನು ಬರೆದದ್ದು: ‘ತಾಯಿಯ ದುಃಖವನ್ನು ಮನಮುಟ್ಟುವಂತೆ ತೋರಿಸಿದ್ದಾರೆ.’ ಪಟ್ಟಿಯಾದ ಮೇಲೆ ಬರೆದದ್ದು: ‘ಐದೈದು ಸೆಕೆಂಡಿಗೆ ಕಟ್ ಆಗುತ್ತಿದ್ದ ದೃಶ್ಯ ಪತ್ರ ಬಿಚ್ಚಿದ ಕೂಡಲೇ 38 ಸೆಕೆಂಡ್ ನಿಂತುಬಿಡುತ್ತದೆ. ಕ್ಯಾಮೆರಾ ಹೊಸ್ತಿಲಾಚೆಯೇ ಉಳಿಯುತ್ತದೆ, ಕ್ಲೋಸಪ್ ಇಲ್ಲ. ಆಕೆಯ ದುಃಖದ ಹತ್ತಿರ ಹೋಗುವ ಹಕ್ಕು ನಮಗಿಲ್ಲ ಅನ್ನಿಸುತ್ತದೆ.’ ಕೊನೆಯ ವಾಕ್ಯ ವಾದ, ಅದನ್ನು ಯಾರಾದರೂ ಒಪ್ಪದೆ ಇರಬಹುದು. ಆದರೆ ಒಪ್ಪದವರೂ ಮೊದಲ ಎರಡು ವಾಕ್ಯಗಳಿಗೆ ಉತ್ತರ ಕೊಡಬೇಕಾಗುತ್ತದೆ.

‘ಕ್ಲೋಸಪ್ಪಿನಾಗ ಭಾವನೆ ಇರ್ತೈತಲ್ರಿ?’ ಎಂಬ ಪ್ರಶ್ನೆಯೂ ಬಂತು. ನೂರು ವರ್ಷದ ಹಿಂದೆ ರಷ್ಯಾದ ಚಿತ್ರನಿರ್ದೇಶಕ ಕುಲೆಶೋವ್ ಮಾಡಿದನೆನ್ನುವ ಪ್ರಯೋಗವನ್ನು ಮೊಬೈಲಿನಲ್ಲೇ ಮಾಡಿ ನೋಡಲು ಹೇಳಿದೆವು: ಗೆಳೆಯನ ಭಾವವಿಲ್ಲದ ಮುಖ ಐದು ಸೆಕೆಂಡ್, ಮುಂದೆ ಅನ್ನದ ತಟ್ಟೆ. ಅದೇ ಮುಖ, ಮುಂದೆ ಹಾರ ಹಾಕಿದ ಫೋಟೊ. ತೋರಿಸಿದಾಗ ರೂಮಿನವರು ಮೊದಲನೆಯದಕ್ಕೆ ಹಸಿವು, ಎರಡನೆಯದಕ್ಕೆ ದುಃಖ ಎಂದರಂತೆ. ಮುಖ ಒಂದೇ, ಭಾವ ಬಂದದ್ದು ಪಕ್ಕದ ಶಾಟಿನಿಂದ. ಶಾಟ್ ಜೋಡಣೆಯ ಪಾಠ ಆ ಸಂಜೆಗೆ ಮುಗಿಯಿತು.

ಪರಿಭಾಷೆಯ ಹೆದರಿಕೆ ಬೇರೆ ಇತ್ತು. ‘ಮಿಸ್ ಆನ್ ಸೇನ್’ ಎಂಬ ಫ್ರೆಂಚ್ ಪದ ಬಳಸಲೇಬೇಕೆಂದು ಅದನ್ನು ಏಳು ಕಡೆ ತುರುಕಿದ್ದ, ನಾಲ್ಕು ಕಡೆ ತಪ್ಪಾಗಿ. ಚೌಕಟ್ಟಿನೊಳಗೆ ಏನೇನನ್ನು ಎಲ್ಲಿ, ಯಾವ ಬೆಳಕಲ್ಲಿ ಇಟ್ಟಿದ್ದಾರೆ ಎಂದು ಕನ್ನಡದಲ್ಲಿ ಬರೆದರೆ ಅದೇ ಕೆಲಸವಾಗುತ್ತದೆ. ಹೆಗ್ಗೋಡಿನ ನೀನಾಸಮ್ ಸಂಸ್ಥೆಯ ಶಿಬಿರಗಳಲ್ಲಿ ಹಳ್ಳಿಯ ಪ್ರೇಕ್ಷಕರೊಡನೆ ಸಿನಿಮಾ ರಸಗ್ರಹಣದ ಮಾತು ನಡೆದದ್ದು ಕನ್ನಡದಲ್ಲೇ. ಉತ್ತರವನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆಯೇ ಎಂದು ವಿಭಾಗದಲ್ಲಿ ಕೇಳಲು ಹೇಳಿದೆವು. ಕೇಳಿಯೇ ಇರಲಿಲ್ಲ. ಅವಕಾಶವಿತ್ತು.

ಸಿನಿಮಾ ಸುಖ ಸತ್ತುಹೋಯಿತು ಎಂಬ ದೂರು ಈ ಓದಿಗೆ ಬಂದ ಅನೇಕರದು. ಅಡುಗೆ ಕಲಿಯುವಾಗ ಊಟಕ್ಕೆ ಕೂತರೂ ಉಪ್ಪನ್ನೇ ಲೆಕ್ಕ ಹಾಕಿದಂತೆ. ವಾರಕ್ಕೊಂದು ಚಿತ್ರ ಟಿಪ್ಪಣಿಯಿಲ್ಲದೆ, ಸಾಧ್ಯವಾದರೆ ಥಿಯೇಟರಿನಲ್ಲಿ, ಗೆಳೆಯರ ಜೊತೆ ನೋಡಲು ಹೇಳಲಾಯಿತು.

ಮನೆಯ ಮಾತು ಮೂರನೇ ಭೇಟಿಯಲ್ಲಿ ಹೊರಬಂತು. ‘ಸಿನಿಮಾ ನೋಡಾಕ ಕಾಲೇಜಿಗೆ ಹೋಗಬೇಕೇನು?’ ಎಂದು ಅಪ್ಪ ಫೋನಿನಲ್ಲಿ ಕೇಳಿದ್ದರು. ಅವರದು ಕಿರಾಣಿ ಅಂಗಡಿ. ಕೆಲಸ ಸಿಗುತ್ತದೆಂಬ ಭರವಸೆಯನ್ನು ನಾವು ಕೊಡಲಿಲ್ಲ, ಕೊಡುವುದು ಸರಿಯೂ ಅಲ್ಲ. ಕಾಲೇಜಿನ ಈ ಪಠ್ಯ ನೋಡುವುದನ್ನು, ಬರೆಯುವುದನ್ನು ಕಲಿಸುತ್ತದೆ, ಕ್ಯಾಮೆರಾ ಹಿಡಿಯುವುದನ್ನಲ್ಲ. ಅದು ಬೇಕಿದ್ದರೆ ಸಿನಿಮಾ ತಯಾರಿ ಕಲಿಸುವ ಹೆಸರಘಟ್ಟದ ಸರ್ಕಾರಿ ಸಂಸ್ಥೆಯೋ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟೋ (ಎಫ್‌ಟಿಐಐ) ನೋಡಬೇಕು, ಅಲ್ಲಿಯ ಪ್ರವೇಶದ ನಿಯಮಗಳೇ ಬೇರೆ. ಊರಿಗೆ ಹೋದಾಗ ಆ ಪಟ್ಟಿಯನ್ನು ಅಪ್ಪನ ಮುಂದಿಡಿ ಎಂದಷ್ಟೇ ಹೇಳಿದೆವು. ‘ಇದು ಖಾತೆ ಪುಸ್ತಕ ಇದ್ದಂಗ ಐತಲ್ಲೋ’ ಎಂದರಂತೆ. ಒಪ್ಪಿದರೆಂದೇನೂ ಅಲ್ಲ, ಆದರೆ ಫೋನಿನಲ್ಲಿ ಆ ಪ್ರಶ್ನೆ ಮತ್ತೆ ಬಂದಿಲ್ಲ.

ಎರಡನೇ ಅಸೈನ್‌ಮೆಂಟಿಗೆ 20ಕ್ಕೆ 12 ಬಂದಿದೆ. ಸದ್ದಿನ ಕಾಲಂನಲ್ಲಿ ಮಾತ್ರ ‘ಹಿನ್ನೆಲೆ ಸಂಗೀತ’ ಎಂದು 19 ಕಡೆ ಬರೆದು ಬಿಟ್ಟಿದ್ದಾನೆ. ಯಾವ ಸದ್ದು ಕಥೆಯೊಳಗಿನವರಿಗೂ ಕೇಳುತ್ತದೆ, ಯಾವುದು ನಮಗೆ ಮಾತ್ರ, ಯಾವ ಶಾಟ್‌ಗಳಲ್ಲಿ ಸಂಗೀತ ನಿಲ್ಲುತ್ತದೆ ಎಂಬುದನ್ನು ಮೂರು ಬಣ್ಣದ ಪೆನ್ನಿನಲ್ಲಿ ಗುರುತಿಸಿ ತರಬೇಕೆಂದು ಮುಂದಿನ ಭೇಟಿಗೆ ಕೆಲಸ ಕೊಟ್ಟಿದೆ.