ಮಲೆನಾಡಿನ ಮನೆಗೆ ದುಬಾರಿ ಸ್ಪೀಕರ್ ಕೊಳ್ಳುವಾಗ ಯಾವ ಬಿಡಿಭಾಗ ನೋಡಬೇಕು?

ಮೊದಲು ಕೋನ್, ಅಂದರೆ ಅಲುಗಿ ದನಿ ಹೊರಡಿಸುವ ಬಟ್ಟಲಿನಂಥ ಭಾಗದ ಸುತ್ತಲಿನ ಮೆತ್ತನೆ ಅಂಚು ನೋಡಿ, ಅದು ರಬ್ಬರಿನದ್ದಾಗಿರಲಿ. ಕೋನ್ ಹಿಂದೆ ಮುಂದೆ ಆಡುವಾಗ ಅದೂ ಒಂದು ಆಸರೆ. ಫೋಮ್ ಅಂಚು ಸಾಮಾನ್ಯವಾಗಿ ಪಾಲಿಯುರೆಥೇನ್. ಗಾಳಿಯ ತೇವ ಅದನ್ನು ನಿಧಾನವಾಗಿ ಒಡೆಯುತ್ತದೆ. ಮೂಡಿಗೆರೆಯ ನಮ್ಮ ಮನೆಯಲ್ಲಿದ್ದ ಹಳೇ ಜೋಡಿಗೆ ಬೆರಳು ತಾಗಿಸಿದ್ದಷ್ಟೇ, ಅಂಚು ಕಾಫಿ ಚರಟದ ಹಾಗೆ ಉದುರಿತು!

ಆಮೇಲೆ ಕ್ರಾಸ್‌ಓವರ್, ಅಂದರೆ ಮಂದ್ರ ದನಿಯನ್ನು ದೊಡ್ಡ ಕೋನಿಗೂ ತಾರದ್ದನ್ನು ಟ್ವೀಟರ್ ಎಂಬ ಚಿಕ್ಕ ಸ್ಪೀಕರಿಗೂ ಹಂಚುವ ಸರ್ಕ್ಯೂಟ್. ಅದರಲ್ಲಿ ಪ್ಲಾಸ್ಟಿಕ್ ಹಾಳೆಯ ಫಿಲ್ಮ್ ಕೆಪಾಸಿಟರ್ (ವಿದ್ಯುತ್ ಹಿಡಿದಿಟ್ಟು ಬಿಡುವ ಭಾಗ) ಇದ್ದರೆ ಒಳ್ಳೆಯದು. ಒಳಗೆ ದ್ರವವಿರುವ ಎಲೆಕ್ಟ್ರೋಲೈಟಿಕ್ ಬಗೆಯದಾದರೆ ವರ್ಷ ಕಳೆದಂತೆ ಒಣಗಿ ಹಂಚಿಕೆಯೇ ಏರುಪೇರಾಗುತ್ತದೆ.

ಇಷ್ಟಿದ್ದರೂ ಗೊತ್ತಿರುವ ಹಾಡು ಹಾಕಿಸಿ ಕೇಳದೆ ದುಡ್ಡು ಕೊಡಬೇಡಿ. ಬಿಡಿಭಾಗ ಒಳ್ಳೆಯದಿದ್ದೂ ಜೋಡಣೆ ಕೆಟ್ಟಿರಬಹುದು. ಬೆಳ್ಳಿ ತಂತಿ, ಚಿನ್ನದ ಲೇಪ? ಅದು ಅಂಗಡಿಯವರ ಖುಷಿಗೆ.