ತಂತ್ರಜ್ಞಾನ ಪ್ರಶ್ನೋತ್ತರ: ಎರಡು ಆಂಟಿವೈರಸ್, ಒಂದು ವೈಫೈ ಡ್ರೈವರ್ ಮತ್ತು ನೀಲಿ ಪರದೆ

ಪ್ರಶ್ನೆ: ನನ್ನ ವಿಂಡೋಸ್ 11 ಲ್ಯಾಪ್‌ಟಾಪ್ ಕೆಲಸದ ನಡುವೆಯೇ ನೀಲಿ ಪರದೆ ತೋರಿಸಿ ತಾನಾಗಿ ರೀಸ್ಟಾರ್ಟ್ ಆಗುತ್ತಿದೆ. ದೊಡ್ಡ ಫೈಲ್ ಡೌನ್‌ಲೋಡ್ ಮಾಡುವಾಗ ಈ ತೊಂದರೆ ಹೆಚ್ಚು. ಪರದೆಯ ಮೇಲೆ ‘ಡ್ರೈವರ್ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್’ ಎಂಬ ಸಂದೇಶವೂ ವೈಫೈ ಡ್ರೈವರ್‌ನ ಫೈಲಿನ ಹೆಸರೂ ಕಾಣುತ್ತವೆ. ಆ ಡ್ರೈವರನ್ನು ಹೊಸದಾಗಿ ಹಾಕಿದರೂ ಪ್ರಯೋಜನವಾಗಿಲ್ಲ. ಹಳೆಯ ಆಂಟಿವೈರಸ್‌ನ ಅವಧಿ ಮುಗಿದಿದ್ದರಿಂದ ಇತ್ತೀಚೆಗೆ ಬೇರೊಂದನ್ನು ಹಾಕಿಕೊಂಡಿದ್ದೇನೆ, ಹಳೆಯದನ್ನು ತೆಗೆದಿಲ್ಲ. ವಿಂಡೋಸನ್ನೇ ಅಳಿಸಿ ಮತ್ತೆ ಹಾಕಬೇಕೆ?

ಉತ್ತರ: ಈಗಲೇ ಅಷ್ಟು ದೂರ ಹೋಗಬೇಕಾಗಿಲ್ಲ. ಹಳೆಯ ಆಂಟಿವೈರಸನ್ನು ಉಳಿಸಿಕೊಂಡೇ ಹೊಸದನ್ನು ಹಾಕಿರುವುದಾಗಿ ನೀವು ಬರೆದಿದ್ದೀರಿ. ನನ್ನ ಮೊದಲ ಅನುಮಾನ ಅದರ ಮೇಲೆಯೇ.

ಸಾಮಾನ್ಯ ತಂತ್ರಾಂಶವೊಂದು ಕೆಟ್ಟರೆ ಅದೊಂದೇ ಮುಚ್ಚಿಕೊಳ್ಳುತ್ತದೆ, ಉಳಿದ ಕೆಲಸ ಮುಂದುವರಿಯುತ್ತದೆ. ಆದರೆ ವೈಫೈ, ಗ್ರಾಫಿಕ್ಸ್ ಮುಂತಾದವುಗಳ ಡ್ರೈವರ್‌ಗಳಲ್ಲಿ (ಅಂದರೆ ಆ ಯಂತ್ರಭಾಗಗಳನ್ನು ವಿಂಡೋಸ್‌ನ ಜೊತೆ ಕೆಲಸ ಮಾಡಿಸುವ ತಂತ್ರಾಂಶಗಳಲ್ಲಿ) ಹೆಚ್ಚಿನವು ವಿಂಡೋಸ್‌ನ ಒಳತಿರುಳಾದ ಕರ್ನಲ್‌ನಲ್ಲಿ ಒಂದೇ ಮೆಮೊರಿಯನ್ನು ಹಂಚಿಕೊಂಡು ಓಡುತ್ತವೆ. ಅಲ್ಲಿ ಒಂದು ತಪ್ಪಿದರೆ ಇನ್ನೊಂದರ ಮಾಹಿತಿಯೂ ಹಾಳಾಗಬಹುದಾದ್ದರಿಂದ, ನಿಮ್ಮ ಕಡತಗಳಿಗೆ ಮತ್ತಷ್ಟು ಹಾನಿಯಾಗದಿರಲೆಂದು ವಿಂಡೋಸ್ ತಾನೇ ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ನೀಲಿ ಪರದೆ ಎಂದರೆ ಇದೇ. (ಇತ್ತೀಚಿನ ಆವೃತ್ತಿಗಳಲ್ಲಿ ಈ ಪರದೆಯ ಬಣ್ಣ ಕಪ್ಪಾಗಿದೆ.) ಆಂಟಿವೈರಸ್ ಕೂಡ ತನ್ನದೇ ಡ್ರೈವರ್‌ಗಳನ್ನು ಇದೇ ಕರ್ನಲ್‌ನಲ್ಲಿ ಕೂರಿಸುತ್ತದೆ: ಒಂದು ಡ್ರೈವರ್ ಪ್ರತಿಯೊಂದು ಫೈಲ್ ತೆರೆಯುವುದನ್ನೂ ಗಮನಿಸಿದರೆ, ಇನ್ನೊಂದು ನೆಟ್‌ವರ್ಕ್ ಮೂಲಕ ಹಾದುಹೋಗುವ ಮಾಹಿತಿಯನ್ನು ಪರಿಶೀಲಿಸುತ್ತದೆ. ನೀವು ಡೌನ್‌ಲೋಡ್ ಮಾಡುವಾಗ ವೈಫೈ ಡ್ರೈವರ್ ಮತ್ತು ಎರಡು ಆಂಟಿವೈರಸ್‌ಗಳ ಶೋಧಕ ಡ್ರೈವರ್‌ಗಳು ಒಂದೇ ದಾರಿಯಲ್ಲಿ, ಒಂದೇ ಮಾಹಿತಿಯ ಮೇಲೆ ಕೆಲಸ ಮಾಡುತ್ತಿರುತ್ತವೆ.

ಹಾಗಾದರೆ ಪರದೆಯ ಮೇಲೆ ವೈಫೈ ಡ್ರೈವರ್‌ನ ಹೆಸರೇ ಏಕೆ ಬಂತು? ನೀವು ಕಂಡ ಸಂದೇಶದ ಅರ್ಥವಿಷ್ಟೆ: ಯಾವುದೋ ಡ್ರೈವರ್, ತಾನಿದ್ದ ಆದ್ಯತೆಯ ಮಟ್ಟದಲ್ಲಿ ಮುಟ್ಟಬಾರದ ಮೆಮೊರಿಯನ್ನು ಮುಟ್ಟಲು ಹೋಯಿತು. ತಪ್ಪು ಪತ್ತೆಯಾದ ಗಳಿಗೆಯಲ್ಲಿ ಯಾರು ಓಡುತ್ತಿದ್ದರೋ ಅವರ ಹೆಸರನ್ನು ವಿಂಡೋಸ್ ಬರೆಯುತ್ತದೆ. ಅದಕ್ಕೂ ಮೊದಲೇ ಬೇರೊಂದು ಡ್ರೈವರ್ ಆ ಮೆಮೊರಿಯನ್ನು ಕೆಡಿಸಿ ಹೋಗಿದ್ದರೆ ಅದರ ಹೆಸರು ಅಲ್ಲಿ ಬರುವುದೇ ಇಲ್ಲ. ಹೆಸರು ಕಂಡ ಡ್ರೈವರನ್ನೇ ಮತ್ತೆ ಮತ್ತೆ ಬದಲಿಸಿ ಸೋಲುವವರು ಬಹಳ ಮಂದಿ. ಅವರ ಶ್ರಮ ವ್ಯರ್ಥವಾಗುವುದು ಇಲ್ಲಿಯೇ.

ಕೆಲಸ ಆರಂಭಿಸುವ ಮುನ್ನ ಮುಖ್ಯ ಕಡತಗಳ ಪ್ರತಿ ತೆಗೆದಿಡಿ. ಡಿಸ್ಕ್‌ಗೆ ಬಿಟ್‌ಲಾಕರ್ ರಕ್ಷಣೆ (ಮಾಹಿತಿಯನ್ನು ಗೂಢಲಿಪಿಯಲ್ಲಿಡುವ ವಿಂಡೋಸ್‌ನ ಸೌಲಭ್ಯ) ಇದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಬರೆದಿಟ್ಟುಕೊಳ್ಳಿ, ಏಕೆಂದರೆ ಅತ್ಯಗತ್ಯ ಡ್ರೈವರ್‌ಗಳಷ್ಟೇ ಲೋಡ್ ಆಗುವ ಸೇಫ್ ಮೋಡ್‌ಗೆ ಹೋಗುವಾಗ ಅದನ್ನು ಕೇಳಬಹುದು. ಅನಂತರ ಸೆಟ್ಟಿಂಗ್ಸ್ ಮೂಲಕ ಹಳೆಯ ಆಂಟಿವೈರಸನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ. ಅವಧಿ ಮುಗಿದ ಮಾತ್ರಕ್ಕೆ ಅದರ ಡ್ರೈವರ್‌ಗಳು ಲೋಡ್ ಆಗುವುದು ನಿಲ್ಲುವುದಿಲ್ಲ. ‘ರಿಯಲ್ ಟೈಮ್ ಪ್ರೊಟೆಕ್ಷನ್’ ಗುಂಡಿಯನ್ನು ಆಫ್ ಮಾಡಿ, ‘ಆದರೂ ಕ್ರ್ಯಾಶ್ ಆಯಿತು, ಆದ್ದರಿಂದ ಆಂಟಿವೈರಸ್ ಕಾರಣವಲ್ಲ’ ಎಂದು ತೀರ್ಮಾನಿಸುವುದೂ ಸರಿಯಲ್ಲ. ಗುಂಡಿ ಆಫ್ ಆದರೂ ಡ್ರೈವರ್ ತನ್ನ ಜಾಗದಲ್ಲಿಯೇ ಇರಬಹುದು. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಎಫ್ ಎಲ್ ಟಿ ಎಮ್ ಸಿ’ (fltmc) ಎಂಬ ಆದೇಶ ಕೊಟ್ಟರೆ ಫೈಲ್‌ಗಳನ್ನು ಗಮನಿಸುತ್ತಿರುವ ಶೋಧಕ ಡ್ರೈವರ್‌ಗಳ ಪಟ್ಟಿ ಬರುತ್ತದೆ. ತೆಗೆದುಹಾಕಿದ ಆಂಟಿವೈರಸ್‌ನ ಹೆಸರು ಅಲ್ಲಿ ಇನ್ನೂ ಉಳಿದಿದ್ದರೆ, ಅದನ್ನು ತಯಾರಿಸಿದವರೇ ತಮ್ಮ ಅಧಿಕೃತ ಜಾಲತಾಣದಲ್ಲಿ ಕೊಡುವ ತೆರವು ಸಾಧನವನ್ನು ಬಳಸಿ.

ಇಷ್ಟಾದ ಮೇಲೂ ಕ್ರ್ಯಾಶ್ ನಿಲ್ಲದಿದ್ದರೆ ಹೊಸ ಆಂಟಿವೈರಸನ್ನೂ ತಾತ್ಕಾಲಿಕವಾಗಿ ತೆಗೆಯಿರಿ. ಆಗ ವಿಂಡೋಸ್‌ನ ಡಿಫೆಂಡರ್ ತಾನಾಗಿಯೇ ಕೆಲಸ ಆರಂಭಿಸುವುದರಿಂದ ಕಂಪ್ಯೂಟರ್ ರಕ್ಷಣೆಯಿಲ್ಲದೆ ಉಳಿಯುವುದಿಲ್ಲ. ವೈಫೈ ಡ್ರೈವರ್‌ನ ಸರದಿ ಬರುವುದು ಅನಂತರ: ಡಿವೈಸ್ ಮ್ಯಾನೇಜರ್‌ನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ ಹಿಂದಿನ ಆವೃತ್ತಿಗೆ ಮರಳಿ, ಅದು ಸಾಧ್ಯವಿಲ್ಲದಿದ್ದರೆ ಲ್ಯಾಪ್‌ಟಾಪ್ ತಯಾರಕರು ನಿಮ್ಮ ಮಾದರಿಗೆಂದೇ ಕೊಟ್ಟಿರುವ ಡ್ರೈವರನ್ನು ಹಾಕಿ. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ, ಡೌನ್‌ಲೋಡ್ ಮಾಡಿ ನೋಡಿ, ಆಮೇಲೆ ಮುಂದಿನದಕ್ಕೆ ಹೋಗಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ತೊಂದರೆ ನಿಂತರೂ ಕಾರಣ ತಿಳಿಯುವುದಿಲ್ಲ, ಮುಂದಿನ ಅಪ್‌ಡೇಟ್‌ನೊಂದಿಗೆ ಅದು ಮರುಕಳಿಸಿದಾಗ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ವಿಂಡೋಸ್ ಫೋಲ್ಡರಿನೊಳಗಿನ ‘ಮಿನಿಡಂಪ್’ ಫೋಲ್ಡರನ್ನು ಅಳಿಸಬೇಡಿ. ಪ್ರತಿ ಕ್ರ್ಯಾಶ್‌ನ ದಾಖಲೆ ಅಲ್ಲಿರುತ್ತದೆ, ಮತ್ತು ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ‘ವಿನ್‌ಡಿಬಿಜಿ’ ಸಾಧನದಲ್ಲಿ ಅದನ್ನು ತೆರೆದರೆ ಆ ಕ್ಷಣದಲ್ಲಿ ಯಾರು ಯಾರನ್ನು ಕರೆದಿದ್ದರು ಎಂಬ ಸರಣಿ ಕಾಣುತ್ತದೆ. ಬೇರೆ ಬೇರೆ ಕ್ರ್ಯಾಶ್‌ಗಳಲ್ಲಿ ಪರದೆಯ ಹೆಸರು ಬದಲಾಗುತ್ತಿದ್ದರೂ ಸರಣಿಯಲ್ಲಿ ಅದೇ ಆಂಟಿವೈರಸ್ ಡ್ರೈವರ್ ಮರಳಿ ಬರುತ್ತಿದ್ದರೆ ಅದು ಬಲವಾದ ಸುಳಿವು. ‘ಡ್ರೈವರ್ ವೆರಿಫೈಯರ್’ ಎಂಬ ಸಾಧನವನ್ನು ಬಳಸುವಂತೆ ಕೆಲವರು ಸಲಹೆ ಕೊಡಬಹುದು. ಅದು ಸಂಶಯವಿರುವ ಡ್ರೈವರನ್ನು ಬೇಕೆಂದೇ ಒತ್ತಡಕ್ಕೆ ಒಡ್ಡುವುದರಿಂದ ಕಂಪ್ಯೂಟರ್ ಆರಂಭವಾಗುವಾಗಲೇ ಮತ್ತೆ ಮತ್ತೆ ಕುಸಿಯಬಹುದು. ಸೇಫ್ ಮೋಡ್‌ನಿಂದ ಅದನ್ನು ನಿಲ್ಲಿಸುವ ವಿಧಾನ ಗೊತ್ತಿಲ್ಲದವರು ಅದರ ತಂಟೆಗೆ ಹೋಗದಿರುವುದೇ ಒಳ್ಳೆಯದು.

ಪ್ರಶ್ನೆ: ಇಷ್ಟು ಅಪಾಯವಿದ್ದರೂ ಭದ್ರತಾ ತಂತ್ರಾಂಶಗಳನ್ನು ಕರ್ನಲ್‌ನೊಳಗೆ ಏಕೆ ಬಿಡುತ್ತಾರೆ?

ಉತ್ತರ: ದುಷ್ಟ ತಂತ್ರಾಂಶಗಳೂ ಅಲ್ಲಿಗೇ ನುಗ್ಗಲು ಪ್ರಯತ್ನಿಸುತ್ತವೆ, ಮತ್ತು ಅವುಗಳಿಗಿಂತ ಮೊದಲೇ ಎದ್ದು ಕುಳಿತರಷ್ಟೇ ಅವುಗಳನ್ನು ತಡೆಯಲು ಸಾಧ್ಯ. ಇದಕ್ಕೆ ತೆರಬೇಕಾದ ಬೆಲೆ 2024ರ ಜುಲೈ 19ರಂದು ಜಗತ್ತಿಗೇ ಕಾಣಿಸಿತು. ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶಕ್ಕೆ ಬಂದ ದೋಷಯುಕ್ತ ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ, ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕುಸಿದವು. ಅಂದು ಬದಲಾದದ್ದು ಡ್ರೈವರ್ ಅಲ್ಲ, ಅದು ಓದುವ ಮಾಹಿತಿಯ ಕಡತ ಮಾತ್ರ. 20 ಅಂಶಗಳಷ್ಟೇ ಇದ್ದ ಪಟ್ಟಿಯಲ್ಲಿ 21ನೆಯದನ್ನು ಓದಲು ಹೋಗಿ ಆ ತಂತ್ರಾಂಶ ಇಡೀ ವಿಂಡೋಸನ್ನೇ ಉರುಳಿಸಿತು. ಸಂಸ್ಥೆ 78 ನಿಮಿಷಗಳಲ್ಲಿ ಅಪ್‌ಡೇಟನ್ನು ಹಿಂತೆಗೆದುಕೊಂಡರೂ ಅಷ್ಟರಲ್ಲಿ ಕುಸಿದಿದ್ದ ಬಹಳಷ್ಟು ಯಂತ್ರಗಳನ್ನು ಒಂದೊಂದಾಗಿ ಸೇಫ್ ಮೋಡ್‌ಗೆ ತಂದು ಆ ಕಡತವನ್ನು ಕೈಯಾರೆ ಅಳಿಸಬೇಕಾಯಿತು. ಭದ್ರತಾ ತಂತ್ರಾಂಶಗಳು ಕರ್ನಲ್‌ನ ಹೊರಗಿನಿಂದಲೇ ಕೆಲಸ ಮಾಡುವ ವ್ಯವಸ್ಥೆಯೊಂದನ್ನು ರೂಪಿಸುವುದಾಗಿ ಮೈಕ್ರೋಸಾಫ್ಟ್ ಅದೇ ವರ್ಷದ ನವೆಂಬರ್‌ನಲ್ಲಿ ಪ್ರಕಟಿಸಿತು. ಅದು ಬಹಳ ಹಿಂದೆಯೇ ಆಗಬೇಕಿದ್ದ ಕೆಲಸವೆಂದು ನನ್ನ ಅಭಿಪ್ರಾಯ.

ಪ್ರಶ್ನೆ: ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಮೆಮೊರಿ ಇಂಟೆಗ್ರಿಟಿ’ ಆನ್ ಆಗುತ್ತಿಲ್ಲ, ಹೊಂದಿಕೆಯಾಗದ ಡ್ರೈವರ್ ಇದೆ ಎನ್ನುತ್ತದೆ. ಏನು ಮಾಡಲಿ?

ಉತ್ತರ: ಮೆಮೊರಿ ಇಂಟೆಗ್ರಿಟಿ ಎಂದರೆ ದುಷ್ಟ ತಂತ್ರಾಂಶ ಕರ್ನಲ್‌ನೊಳಗೆ ನುಗ್ಗದಂತೆ ತಡೆಯುವ ಸೌಲಭ್ಯ. ನೀವು ಕಂಡ ಸಂದೇಶದ ಕೆಳಗೆ ಡ್ರೈವರ್‌ನ ಹೆಸರು ಇರುತ್ತದೆ. ಎಷ್ಟೋ ಸಲ ಅದು ನೀವು ಈಗ ಬಳಸದ ಹಳೆಯ ಪ್ರಿಂಟರ್ ಅಥವಾ ಯುಎಸ್‌ಬಿ ಸಾಧನದ್ದಾಗಿರುತ್ತದೆ. ಸಾಧನ ಬಳಕೆಯಲ್ಲಿದ್ದರೆ ತಯಾರಕರ ಹೊಸ ಡ್ರೈವರ್ ಹಾಕಿ. ಬಳಕೆಯಲ್ಲಿಲ್ಲದಿದ್ದರೆ ಡಿವೈಸ್ ಮ್ಯಾನೇಜರ್‌ನ ‘ವ್ಯೂ’ ಪಟ್ಟಿಯಲ್ಲಿ ‘ಶೋ ಹಿಡನ್ ಡಿವೈಸಸ್’ ಆರಿಸಿ, ಮಸುಕಾಗಿ ಕಾಣುವ ಆ ಸಾಧನವನ್ನು ಅದರ ಡ್ರೈವರ್ ಸಹಿತ ತೆಗೆದುಹಾಕಿ, ರೀಸ್ಟಾರ್ಟ್ ಮಾಡಿದ ಮೇಲೆ ಮತ್ತೆ ಪ್ರಯತ್ನಿಸಿ.