ಸಣ್ಣ ಹಳ್ಳದ ನೆರೆ ನಕ್ಷೆಗೆ 30 ಮೀಟರ್ ಡೇಟಾ ಸಾಲದು

ನಾಲ್ಕು ಮೀಟರ್ ಅಗಲದ ಹಳ್ಳದ ನೆರೆ ನಕ್ಷೆಗೆ ಉಚಿತವಾಗಿ ಸಿಗುವ 30 ಮೀಟರ್ ಎಸ್‌ಆರ್‌ಟಿಎಂ ಡೇಟಾ (ಬಾಹ್ಯಾಕಾಶದಿಂದ ರೇಡಾರ್‌ನಲ್ಲಿ ಅಳೆದ ನೆಲದ ಎತ್ತರ, 30 ಮೀಟರ್ ಚೌಕಕ್ಕೆ ಒಂದೇ ಅಂಕಿ) ಸಾಕಾ ಅಂತ ಕೇಳಿದ್ದೀರಿ. ಸಾಲದು. ಅದರ ಒಂದೇ ಚೌಕದೊಳಗೆ ನಿಮ್ಮ ಹಳ್ಳ, ಎರಡೂ ದಡ ಎಲ್ಲ ಕರಗಿಹೋಗುತ್ತವೆ. ಎತ್ತರದಲ್ಲೂ ಕೆಲವು ಮೀಟರ್ ತಪ್ಪಿರಬಹುದು. ಸಣ್ಣ ಹಳ್ಳದ ನೆರೆ ಏರುವುದೇ ಅಷ್ಟು, ಅಲ್ವಾ?

ಲೈಡಾರ್ (ವಿಮಾನ ಅಥವಾ ಡ್ರೋನ್‌ನಿಂದ ಲೇಸರ್‌ನಲ್ಲಿ ಅಳೆದ ನೆಲದ ಎತ್ತರ) ಸಿಗದಿದ್ದರೆ ಲೆವೆಲ್ ಯಂತ್ರ ಹಿಡಿದು ಹಳ್ಳಕ್ಕೆ ಅಡ್ಡವಾಗಿ ಅಳತೆ ತೆಗೆಯಿರಿ. ತಿರುವು, ಮೋರಿ ಇರುವಲ್ಲಿ ಜಾಸ್ತಿ ತೆಗೆಯಿರಿ. ಅದನ್ನು ನೆರೆ ಎಲ್ಲಿವರೆಗೆ ಏರುತ್ತದೆ ಅಂತ ಲೆಕ್ಕ ಹಾಕುವ ತಂತ್ರಾಂಶ ಹೆಕ್-ರಾಸ್‌ಗೆ ಕೊಡಿ, ಅದೂ ಉಚಿತ. ಮೋರಿಯನ್ನು ಮಾತ್ರ ದಯವಿಟ್ಟು ಎರಡು ಸಲ ಲೆಕ್ಕ ಹಾಕಿ: ತೆರೆದಿರುವಾಗ ಒಮ್ಮೆ, ಕಸಕಡ್ಡಿ ಕಟ್ಟಿಕೊಂಡಾಗ ಒಮ್ಮೆ. ಕಟ್ಟಿಕೊಂಡ ಮೋರಿಯ ಹಿಂದೆ ನೀರು ಮನೆಗಳಿಗೆ ನುಗ್ಗುತ್ತದೆ.

ಗೋಡೆಗಳ ಮೇಲಿನ ಹಳೆ ನೀರಿನ ಗುರುತಿಗೆ ನಕ್ಷೆಯನ್ನು ಹೋಲಿಸಿ. ‘ನೂರು ವರ್ಷದ ನೆರೆ’ ಅಂತ ಸುಮ್ನೆ ಬರೆಯಬೇಡಿ. ಅದರರ್ಥ ಅಂಥ ನೆರೆ ಬರುವ ಸಾಧ್ಯತೆ ವರ್ಷಕ್ಕೆ 1%, ಅಂದರೆ 30 ವರ್ಷದಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು 26%.